ಸಿಲಿಕಾನ್ ಕಾರ್ಬೈಡ್: ಚಿಪ್ ಸುದ್ದಿಯ ಹಿಂದೆ ಮರೆಯಾದ ಕುಲುಮೆ

2025ರ ಜೂನ್ 30ರಂದು ಅಮೆರಿಕದ ವುಲ್ಫ್‌ಸ್ಪೀಡ್ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಸಿಲಿಕಾನ್ ಕಾರ್ಬೈಡ್ ಹರಳು ಬೆಳೆಸುವುದರಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದ ಕಂಪನಿ ಅದು. ಆಮೇಲೆ ಆರು ವಾರ ಕಳೆದಿತ್ತಷ್ಟೆ. ಆಗಸ್ಟ್ 12ರಂದು ನಮ್ಮ ಕೇಂದ್ರ ಸಂಪುಟ ಭುವನೇಶ್ವರದ ಇನ್ಫೋ ವ್ಯಾಲಿಯಲ್ಲಿ ಸಿಲಿಕಾನ್ ಕಾರ್ಬೈಡ್ ಚಿಪ್ ಕಾರ್ಖಾನೆಗೆ ಒಪ್ಪಿಗೆ ಕೊಟ್ಟಿತು. ಸಿಕ್‌ಸೆಮ್ ಎಂಬ ಕಂಪನಿ ಬ್ರಿಟನ್ನಿನ ಕ್ಲಾಸ್-ಸಿಕ್ ಜೊತೆ ಸೇರಿ ಅದನ್ನು ಕಟ್ಟಲಿದೆ. ವರ್ಷಕ್ಕೆ 60,000 ವೇಫರ್, ಅಂದರೆ ಚಿಪ್ ಮಾಡುವ ತೆಳು ಬಿಲ್ಲೆ, ಸಂಸ್ಕರಿಸುವ ಗುರಿ. ಈ ಬಗೆಯ ವಾಣಿಜ್ಯ ಕಾರ್ಖಾನೆ ದೇಶದಲ್ಲೇ ಮೊದಲನೆಯದು ಎಂದು ಸರ್ಕಾರ ಹೇಳಿದೆ.

ಎರಡೂ ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಅಲ್ಲಿ ಮುಳುಗಿದ ವ್ಯವಹಾರವನ್ನು ಇಲ್ಲಿ ಯಾಕೆ ಶುರು ಮಾಡುತ್ತಿದ್ದಾರೆ? ಅದರ ಮೇಲೆ ಇನ್ನೊಂದು ಗೊಂದಲ. ಗೋಡೆಗೆ ಬಣ್ಣ ಹಚ್ಚುವವರು ಉಜ್ಜುವ ವಾಟರ್ ಪೇಪರ್ ಮೇಲಿರುವ ಕಪ್ಪು ಪುಡಿಯೂ ಸಿಲಿಕಾನ್ ಕಾರ್ಬೈಡೇ. ಡೀಸೆಲ್ ಕಾರಿನ ಮಸಿ ಫಿಲ್ಟರ್, ಗುಂಡು ತಡೆಯುವ ಕವಚದ ಹಲಗೆ, ಬಾಹ್ಯಾಕಾಶ ದೂರದರ್ಶಕದ ಕನ್ನಡಿ, ಎಲ್ಲ ಕಡೆಯೂ ಇದೇ ಹೆಸರು ಕೇಳಿಬರುತ್ತದೆ. ಹಾಗಾದರೆ ಇದು ಚಿಪ್ಪೋ, ಕಲ್ಲೋ, ಪಿಂಗಾಣಿಯೋ?

ಉತ್ತರ ತಿಳಿಯಬೇಕಾದರೆ ಚಿಪ್ ಕಾರ್ಖಾನೆಯಿಂದ ಸ್ವಲ್ಪ ಹಿಂದೆ ಸರಿದು, ಪುಡಿಯನ್ನು ಸುಟ್ಟು ಗಟ್ಟಿ ಮಾಡುವ ಕುಲುಮೆಯ ಹತ್ತಿರ ಹೋಗಬೇಕು. ಈ ವಸ್ತುವಿನ ಬೆಲೆ ಹೆಚ್ಚುವುದು ಅಲ್ಲಿ. ಭಾರತದ ಚರ್ಚೆಯಲ್ಲಿ ಜಾಸ್ತಿ ಮರೆಯಾಗಿರುವುದೂ ಆ ಕುಲುಮೆಯೇ.

ಒಂದೇ ಹೆಸರು, ಮೂರು ವಸ್ತು

ಒಂದು ಸಿಲಿಕಾನ್ ಅಣುವಿಗೆ ಒಂದು ಇಂಗಾಲದ ಅಣು (ಇಲ್ಲಿ ಅಣು ಎಂದರೆ ಪರಮಾಣು). ರಸಾಯನಶಾಸ್ತ್ರ ಇಷ್ಟು ಸರಳ. ಆದರೆ ಮಾರುಕಟ್ಟೆಯಲ್ಲಿ ಇದು ಮೂರು ರೂಪದಲ್ಲಿ ಸಿಗುತ್ತದೆ. ಉಜ್ಜಲು, ಸಾಣೆ ಹಿಡಿಯಲು, ಉಕ್ಕಿನ ಕಾರ್ಖಾನೆಗೆ ಹಾಕಲು ಬಳಸುವ ಒರಟು ಪುಡಿ ಮೊದಲನೆಯದು. ನುಣ್ಣನೆ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಸುಟ್ಟು ಮಾಡಿದ ಸೆರಾಮಿಕ್ ಎರಡನೆಯದು. ಮೂರನೆಯದು ಅಣುಗಳೆಲ್ಲ ಒಂದೇ ಶಿಸ್ತಿನಲ್ಲಿ ಜೋಡಣೆಯಾದ ದೊಡ್ಡ ಹರಳು. ಅದನ್ನು ತೆಳ್ಳಗೆ ಕೊಯ್ದರೆ ಚಿಪ್ ಮಾಡುವ ವೇಫರ್ ಆಗುತ್ತದೆ. ವುಲ್ಫ್‌ಸ್ಪೀಡ್ ಮತ್ತು ಒಡಿಶಾ ಸುದ್ದಿಗಳು ಈ ಮೂರನೆಯ ರೂಪಕ್ಕೆ ಸೇರಿದವು.

ಮೂರಕ್ಕೂ ಮೂಲ ಒಂದೇ. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಕೃತಕ ವಜ್ರ ಮಾಡಲು ಹೊರಟಾಗ ಈ ಹೊಳೆಯುವ ಗಡಸು ಹರಳು ಸಿಕ್ಕಿತು. 1893ರಲ್ಲಿ ಅವರಿಗೆ ಪೇಟೆಂಟ್ ಬಂತು. ಕಾರ್ಬೊರಂಡಮ್ ಎಂಬ ಹೆಸರು ಅವರೇ ಇಟ್ಟಿದ್ದು. ಇಂದಿಗೂ ಜಗತ್ತಿನ ಬಹುಪಾಲು ಪುಡಿ ಅವರ ವಿಧಾನದಲ್ಲೇ ತಯಾರಾಗುತ್ತದೆ. ಶುದ್ಧ ಮರಳು ಮತ್ತು ಪೆಟ್ರೋಲಿಯಂ ಕೋಕ್ ಬೆರೆಸಿ ಉದ್ದನೆಯ ತೊಟ್ಟಿಯಲ್ಲಿ ತುಂಬುತ್ತಾರೆ. ನಡುವೆ ಗ್ರಾಫೈಟ್ ಸಾಲು ಇಟ್ಟು ಅದರಲ್ಲಿ ವಿದ್ಯುತ್ ಹರಿಸುತ್ತಾರೆ. ನಡುಭಾಗದ ಶಾಖ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮರಳಿನ ಆಮ್ಲಜನಕವನ್ನು ಇಂಗಾಲ ಕಿತ್ತುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಹೋಗುತ್ತದೆ. ಉಳಿಯುವುದು ಸಿಲಿಕಾನ್ ಕಾರ್ಬೈಡ್.

ಇಲ್ಲಿ ಎರಡು ಲೆಕ್ಕ ಮನಸ್ಸಿನಲ್ಲಿಡಬೇಕು. ಒಂದು ಕಿಲೋ ಪುಡಿಗೆ ಸುಮಾರು 6ರಿಂದ 12 ಯೂನಿಟ್ ವಿದ್ಯುತ್ ಬೇಕು. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ, ಕರೆಂಟ್ ಬಿಲ್ಲೇ ಕಿಲೋಗೆ 42ರಿಂದ 84 ರೂಪಾಯಿ. ಎರಡನೆಯದು, ರಾಸಾಯನಿಕ ಕ್ರಿಯೆಯ ಲೆಕ್ಕದ ಪ್ರಕಾರ ಒಂದು ಕಿಲೋಗೆ 1.4 ಕಿಲೋ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಪೂರ್ತಿ ಉರಿದರೆ 2.2 ಕಿಲೋ ಇಂಗಾಲದ ಡೈ ಆಕ್ಸೈಡ್. ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಅದರ ಹೊಗೆ ಬೇರೆ.

ಹಾಗಾಗಿ ಈ ಉದ್ಯಮ ಎಲ್ಲಿ ಕರೆಂಟ್ ಅಗ್ಗವೋ ಅಲ್ಲಿ ನೆಲೆ ನಿಲ್ಲುತ್ತದೆ. ಅಚೆಸನ್ ನಯಾಗರಾ ಜಲಪಾತದ ಬಳಿಗೆ ಹೋಗಿದ್ದೂ ಇದಕ್ಕೇ. ಕೇರಳದಲ್ಲಿ ಈ ಪುಡಿ ಮಾಡುವ ಕಾರ್ಬೊರಂಡಮ್ ಯುನಿವರ್ಸಲ್ ಕಂಪನಿ ಪತ್ತನಂತಿಟ್ಟ ಜಿಲ್ಲೆಯ ಮಣಿಯಾರ್‌ನಲ್ಲಿ 12 ಮೆಗಾವಾಟ್‌ನ ಸ್ವಂತ ಜಲವಿದ್ಯುತ್ ಘಟಕ ಕಟ್ಟಿಕೊಂಡಿತು. 1994ರಲ್ಲಿ ಅದು ಶುರುವಾಯಿತು. ಮೂವತ್ತು ವರ್ಷದ ಒಪ್ಪಂದ ಮುಗಿಯುತ್ತ ಬಂದಾಗ, ಅಂದರೆ 2024ರ ಕೊನೆಯಲ್ಲಿ, ಅವಧಿ ವಿಸ್ತರಿಸಬೇಕೋ ಬೇಡವೋ ಎಂದು ಕೇರಳದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಸಣ್ಣ ವಿದ್ಯುತ್ ಘಟಕಕ್ಕೆ ಇಷ್ಟು ಜಗಳ ಯಾಕೆ ಎಂಬುದು ಮೇಲಿನ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಒರಟು ಪುಡಿಯ ಜಾಗತಿಕ ಸಾಮರ್ಥ್ಯದಲ್ಲಿ ಹತ್ತಿರ ಹತ್ತಿರ ಅರ್ಧ ಚೀನಾದ ಕೈಯಲ್ಲಿರುವುದಕ್ಕೂ ಅಗ್ಗದ ವಿದ್ಯುತ್ ಒಂದು ದೊಡ್ಡ ಕಾರಣ.

ಪುಡಿ ಯಾಕೆ ಕೂಡಿಕೊಳ್ಳುವುದಿಲ್ಲ

ಈಗ ಕಷ್ಟದ ಹಂತ. ಇಟ್ಟಿಗೆ ಅಥವಾ ಪಿಂಗಾಣಿ ಸುಡುವಾಗ ಮಣ್ಣಿನ ಒಂದಿಷ್ಟು ಭಾಗ ಕರಗಿ ಗಾಜಾಗುತ್ತದೆ. ಆ ಗಾಜು ಕಣಗಳ ನಡುವೆ ಹರಿದು ಸಂದು ಮುಚ್ಚುತ್ತದೆ. ಸಾವಿರ ಚಿಲ್ಲರೆ ಡಿಗ್ರಿಯಲ್ಲಿ ಕೆಲಸ ಮುಗಿಯುತ್ತದೆ. ಸಿಲಿಕಾನ್ ಕಾರ್ಬೈಡಿನಲ್ಲಿ ಹೀಗೆ ಕರಗುವ ಭಾಗವೇ ಇಲ್ಲ.

ಅದರ ಅಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಬಿಗಿಯಾಗಿ ಹಿಡಿದುಕೊಂಡಿವೆ. ಈ ಬಿಗಿಯಿಂದಲೇ ಅದಕ್ಕೆ ಉಕ್ಕಿನ ಎರಡರಷ್ಟು ಬಿರುಸುತನ ಬಂದಿದೆ. ಸಾಣೆ ಕಲ್ಲಿಗೆ ಬೇಕಾದ ಗಡಸುತನವೂ ಅಲ್ಲಿಂದಲೇ. ಆದರೆ ಅದೇ ಬಿಗಿ ಸುಡುವವರಿಗೆ ಅಡ್ಡಿ. ಎಷ್ಟು ಕಾಯಿಸಿದರೂ ಅಣುಗಳು ಜಾಗ ಬಿಟ್ಟು ಅಲುಗುವುದು ತುಂಬ ನಿಧಾನ. ಕರಗಿಸಿ ಎರಕ ಹೊಯ್ಯೋಣ ಎಂದರೆ ಅದೂ ಆಗದು. ಸಾಮಾನ್ಯ ಒತ್ತಡದಲ್ಲಿ ಇದು ಕರಗುವುದೇ ಇಲ್ಲ. ಶಾಖ ತೀರಾ ಏರಿದರೆ ಒಡೆದುಹೋಗುತ್ತದೆ. ಸಿಲಿಕಾನ್ ಆವಿಯಾಗಿ ಹಾರಿ, ಇಂಗಾಲ ಉಳಿಯುತ್ತದೆ.

ಶುದ್ಧ ಪುಡಿಯನ್ನು ಒತ್ತಿ 2000 ಡಿಗ್ರಿಗೆ ಕಾಯಿಸಿದರೆ ಏನಾಗುತ್ತದೆ? ಕಣಗಳು ಅಂಟಿಕೊಳ್ಳುತ್ತವೆ, ನಿಜ. ಆದರೆ ಅಣುಗಳು ಕಣದ ಮೇಲ್ಮೈ ಮೇಲಷ್ಟೇ ಸರಿದಾಡುತ್ತವೆ. ಸಣ್ಣ ಕಣ ಸವೆದು ದೊಡ್ಡ ಕಣ ಇನ್ನೂ ದಪ್ಪಗಾಗುತ್ತದೆ. ನಡುವಿನ ತೂತು ಮುಚ್ಚುವ ಬದಲು ಅಗಲವಾಗುತ್ತದೆ. ವಸ್ತು ಕುಗ್ಗುವುದಿಲ್ಲ, ಗಟ್ಟಿಯಾಗುವುದಿಲ್ಲ. ಸಿಂಟರಿಂಗ್, ಅಂದರೆ ಪುಡಿಯನ್ನು ಸುಟ್ಟು ಗಟ್ಟಿ ಮಾಡುವ ಕ್ರಿಯೆ, ನಡೆಯಲು ಬೇಕಾದ ಶಕ್ತಿ ಬರುವುದು ನುಣ್ಣನೆ ಪುಡಿಯ ಅಪಾರ ಮೇಲ್ಮೈಯಿಂದ. ಆ ಶಕ್ತಿ ಕಣ ದಪ್ಪಗಾಗುವುದರಲ್ಲೇ ಖರ್ಚಾದರೆ, ತೂತು ಮುಚ್ಚಲು ಏನೂ ಉಳಿಯುವುದಿಲ್ಲ. ಸಾಲದ್ದಕ್ಕೆ ಪ್ರತಿ ಕಣದ ಮೇಲೂ ಮರಳಿನ, ಅಂದರೆ ಸಿಲಿಕಾದ, ತೆಳು ಪೊರೆ ಇರುತ್ತದೆ. ಕಾದಾಗ ಅದು ಅನಿಲವಾಗಿ ಈ ದಪ್ಪಗಾಗುವಿಕೆಯನ್ನು ಇನ್ನಷ್ಟು ಚುರುಕು ಮಾಡುತ್ತದೆ.

ಹಾಗಾಗಿ ಅಚೆಸನ್ ನಂತರ ಸುಮಾರು ಎಂಬತ್ತು ವರ್ಷ, ಒತ್ತಡ ಹಾಕದೆ ಸುಮ್ನೆ ಕಾಯಿಸಿ ಗಟ್ಟಿ ಸಿಲಿಕಾನ್ ಕಾರ್ಬೈಡ್ ಮಾಡಲು ಆಗಲಿಲ್ಲ. 1970ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಸ್ವಾಂತೆ ಪ್ರೊಚಾಜ್ಕಾ ದಾರಿ ಕಂಡುಹಿಡಿದರು. ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಪುಡಿಗೆ ಚಿಟಿಕೆ ಬೋರಾನ್, ಚಿಟಿಕೆ ಇಂಗಾಲ ಸೇರಿಸಿ 2000ರಿಂದ 2100 ಡಿಗ್ರಿಗೆ ಸುಟ್ಟರು. ಇಂಗಾಲ ಆ ಸಿಲಿಕಾ ಪೊರೆಯನ್ನು ತೆಗೆದುಹಾಕಿತು. ಬೋರಾನ್ ಕಣಗಳು ಕೂಡುವ ಗಡಿಯಲ್ಲಿ ಸೇರಿಕೊಂಡಿತು. ಆಗ ಅಣುಗಳಿಗೆ ಮೇಲ್ಮೈ ಬಿಟ್ಟು ಗಡಿಯ ಒಳಗೆ ಸರಿಯುವುದೇ ಸುಲಭವಾಯಿತು. ತೂತು ಮುಚ್ಚಿತು.

ಬೋರಾನ್ ಯಾವ ರೀತಿ ಈ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ತಜ್ಞರಲ್ಲಿ ಚರ್ಚೆ ಬಹಳ ಕಾಲ ನಡೆದಿದೆ. ಕಾರ್ಖಾನೆಗಳು ಅದಕ್ಕೆ ಕಾಯಲಿಲ್ಲ. ಇಂದು ಮಾರುಕಟ್ಟೆಯಲ್ಲಿ ಸಿಗುವ ಒಳ್ಳೆಯ ಸಿಂಟರ್ಡ್ ಸಿಲಿಕಾನ್ ಕಾರ್ಬೈಡ್ ಬಹುಪಾಲು ಈ ಪಾಕದ ವಂಶಕ್ಕೇ ಸೇರಿದ್ದು.

ಗಟ್ಟಿಯಾಗುವಾಗ ವಸ್ತು ಕುಗ್ಗುತ್ತದೆ. ಪ್ರತಿ ದಿಕ್ಕಿನಲ್ಲೂ ಶೇ 18ರಷ್ಟು ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. 100 ಮಿ.ಮೀ. ಅಗಲದ ಉಂಗುರ ಬೇಕಿದ್ದರೆ 122 ಮಿ.ಮೀ. ಅಚ್ಚಿನಲ್ಲಿ ಒತ್ತಬೇಕು. ಗಾತ್ರದಲ್ಲಿ ನೋಡಿದರೆ ಶೇ 45ರಷ್ಟು ಮಾಯ. ಪುಡಿ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇದ್ದರೆ ಉಂಗುರ ಸೊಟ್ಟಗಾಗುತ್ತದೆ ಅಥವಾ ಬಿರುಕು ಬಿಡುತ್ತದೆ. ಸುಟ್ಟ ಮೇಲೆ ತಿದ್ದಲು ವಜ್ರದ ಚಕ್ರವೊಂದೇ ಗತಿ. ಅದು ನಿಧಾನ, ದುಬಾರಿ. ಎಷ್ಟೋ ಸಲ ಭಾಗದ ಬೆಲೆಯಲ್ಲಿ ಪುಡಿಗಿಂತ ಸಾಣೆಯ ಖರ್ಚೇ ಜಾಸ್ತಿ. ಆದ್ದರಿಂದ ಸುಡುವ ಮೊದಲೇ ಆಕಾರ ಸರಿಯಾಗಿ ಬರುವಂತೆ ಮಾಡುವ ಕೈಚಳಕಕ್ಕೆ ಇಲ್ಲಿ ನಿಜವಾದ ಬೆಲೆ ಇದೆ. ಇದು ಪುಸ್ತಕ ಓದಿ ಬರುವಂಥದ್ದಲ್ಲ. ವರ್ಷಗಟ್ಟಲೆ ಕುಲುಮೆ ನಡೆಸಿದವರಲ್ಲಿ ಕೂಡಿಬಂದಿರುತ್ತದೆ.

ಸುಲಭದ ದಾರಿಗಳು, ಅವುಗಳ ಬೆಲೆ

ಇಷ್ಟು ಕಷ್ಟಪಡದೆ ಮಾಡುವ ದಾರಿಗಳೂ ಇವೆ. ಹೆಚ್ಚು ಬಳಕೆಯಲ್ಲಿರುವುದು ರಿಯಾಕ್ಷನ್ ಬಾಂಡಿಂಗ್. ಸಿಲಿಕಾನ್ ಕಾರ್ಬೈಡ್ ಪುಡಿಗೆ ಇಂಗಾಲ ಬೆರೆಸಿ ಆಕಾರ ಮಾಡುತ್ತಾರೆ. ಅದಕ್ಕೆ ಕರಗಿದ ಸಿಲಿಕಾನ್ ಕುಡಿಸುತ್ತಾರೆ. ಸಿಲಿಕಾನ್ ಕರಗುವುದು 1414 ಡಿಗ್ರಿಯಲ್ಲಿ. ಕುಲುಮೆ ಅದಕ್ಕಿಂತ ಸ್ವಲ್ಪ ಮೇಲೆ ಓಡಿದರೆ ಸಾಕು. ಒಳಹೋದ ಸಿಲಿಕಾನ್ ಇಂಗಾಲದ ಜೊತೆ ಸೇರಿ ಅಲ್ಲೇ ಹೊಸ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಉಳಿದ ಸಂದುಗಳಲ್ಲಿ ಸಿಲಿಕಾನ್ ಹಾಗೇ ತುಂಬಿಕೊಳ್ಳುತ್ತದೆ. ಕುಗ್ಗುವಿಕೆ ಶೇ 1ಕ್ಕಿಂತ ಕಡಿಮೆ. ದೊಡ್ಡ ದೊಡ್ಡ ಭಾಗಗಳನ್ನೂ ಅಳತೆ ತಪ್ಪದೆ ಮಾಡಬಹುದು.

ಇದರ ದೌರ್ಬಲ್ಯವೂ ಅಲ್ಲೇ ಇದೆ. ಕಡಲೆಬೀಜದ ಚಿಕ್ಕಿಯಲ್ಲಿ ಬೀಜಗಳನ್ನು ಹಿಡಿದಿಟ್ಟಿರುವುದು ಬೆಲ್ಲದ ಪಾಕ. ಬಿಸಿ ತಾಗಿದರೆ ಮೊದಲು ಮೆತ್ತಗಾಗುವುದು ಪಾಕವೇ, ಬೀಜವಲ್ಲ. ಇಲ್ಲೂ ಹಾಗೆಯೇ. 1350 ಡಿಗ್ರಿ ದಾಟಿದರೆ ಉಳಿದ ಸಿಲಿಕಾನ್ ಕೈಕೊಡುತ್ತದೆ. ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರ ಆ ಸಿಲಿಕಾನನ್ನು ತಿಂದುಹಾಕುತ್ತದೆ. ಬರೀ ನೀರು, ಎಣ್ಣೆ ಸಾಗಿಸುವ ಪಂಪಿನ ಸೀಲ್‌ಗೆ, ಅಂದರೆ ತಿರುಗುವ ದಂಡದ ಸುತ್ತ ಸೋರಿಕೆ ತಡೆಯುವ ಉಂಗುರಕ್ಕೆ, ಇದು ಸಾಕು. ಕಾಸ್ಟಿಕ್ ಹರಿಯುವ ಕಡೆ ಪ್ರೊಚಾಜ್ಕಾ ಮಾದರಿಯ ಸಿಂಟರ್ಡ್ ಉಂಗುರವೇ ಬೇಕು. ಹೊರಗಿನಿಂದ ಎರಡೂ ಕಪ್ಪಗೆ ಹೊಳೆಯುವ ಉಂಗುರಗಳೇ. ಖರೀದಿಸುವವರು ಬೆಲೆಯೊಂದನ್ನೇ ನೋಡಿದರೆ ಎಡವುತ್ತಾರೆ.

ಇನ್ನೊಂದು ದಾರಿಯಲ್ಲಿ ಪುಡಿಗೆ ಅಲ್ಯುಮಿನಾ ಮತ್ತು ಯಿಟ್ರಿಯಾ (ಅಲ್ಯುಮಿನಿಯಂ ಮತ್ತು ಯಿಟ್ರಿಯಂ ಲೋಹಗಳ ಆಕ್ಸೈಡ್‌ಗಳು) ಬೆರೆಸುತ್ತಾರೆ. ಇವೆರಡೂ ಸೇರಿ 1760 ಡಿಗ್ರಿ ಆಸುಪಾಸಿನಲ್ಲಿ ಕರಗಿ ದ್ರವವಾಗುತ್ತವೆ. ಅಣುಗಳು ಆ ದ್ರವದಲ್ಲಿ ಕರಗಿ, ಸರಿದು, ತೂತು ಮುಚ್ಚುತ್ತವೆ. ಬೋರಾನ್ ದಾರಿಗಿಂತ ಕಡಿಮೆ ಶಾಖ ಸಾಕು. ಬಿರುಕು ಕೂಡ ನೇರವಾಗಿ ಓಡದೆ ಕಣಗಳ ಸುತ್ತ ತಿರುಗಿ ಹೋಗಬೇಕಾಗುತ್ತದೆ. ಹಾಗಾಗಿ ಒಡೆಯುವುದು ಕಡಿಮೆ.

ಈ ದಾರಿಗೆ 2025ರಲ್ಲಿ ಒಂದು ಹೊಸ ತೊಡಕು ಬಂತು. ಏಪ್ರಿಲ್ 4ರಂದು ಚೀನಾ ಏಳು ವಿರಳ ಭಸ್ಮ ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಆ ಏಳರಲ್ಲಿ ಯಿಟ್ರಿಯಂ ಒಂದು. ಪತ್ರಿಕೆಗಳೆಲ್ಲ ಬರೆದಿದ್ದು ಕಾರಿನ ಮ್ಯಾಗ್ನೆಟ್ ಬಗ್ಗೆ. ಆದರೆ ಸೆರಾಮಿಕ್ ಸುಡುವವರಿಗೂ ಪೆಟ್ಟು ಬಿತ್ತು. ವಿರಳ ಭಸ್ಮ ಸಿಗುವ ನಮ್ಮ ಕಡಲತೀರದ ಮೊನಜೈಟ್ ಮರಳಿನಲ್ಲಿ ಹಗುರ ಬಗೆಯ ಧಾತುಗಳೇ ಜಾಸ್ತಿ. ಯಿಟ್ರಿಯಂ ಅದರಲ್ಲಿ ತೀರಾ ಕಡಿಮೆ. ಈ ಪಾಕವನ್ನೇ ನೆಚ್ಚಿ ಕಾರ್ಖಾನೆ ಕಟ್ಟುವವರು ಯಿಟ್ರಿಯಾ ಎಲ್ಲಿಂದ ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಬಿಸಿಯ ಜೊತೆ ಒತ್ತಡವನ್ನೂ ಹಾಕುವ ಹಾಟ್ ಪ್ರೆಸ್ಸಿಂಗ್, ವಿದ್ಯುತ್ ಹರಿಸಿ ನಿಮಿಷಗಳಲ್ಲೇ ಗಟ್ಟಿ ಮಾಡುವ ಸ್ಪಾರ್ಕ್ ಪ್ಲಾಸ್ಮಾ ವಿಧಾನಗಳೂ ಇವೆ. ಗುಣಮಟ್ಟ ಚೆನ್ನ. ಆದರೆ ಹಲಗೆ, ಬಿಲ್ಲೆಯಂಥ ಸರಳ ಆಕಾರಗಳನ್ನು ಬಿಟ್ಟು ಬೇರೆ ಮಾಡುವುದು ಕಷ್ಟ.

ತೂತು ಉಳಿದರೂ ಕೆಲಸಕ್ಕೆ ಬರುತ್ತದೆ

ಗಟ್ಟಿಯಾಗದೆ ತೂತು ಉಳಿಯುವುದನ್ನು ದೋಷ ಎಂದೆವು. ಡೀಸೆಲ್ ಫಿಲ್ಟರಿಗೆ ಬೇಕಾಗಿರುವುದು ಅದೇ ತೂತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಯಿತು. ಡೀಸೆಲ್ ಕಾರಿಗೆ ಡಿಪಿಎಫ್ ಎಂಬ ಮಸಿ ಫಿಲ್ಟರ್ ಬಂತು. ಕಾರುಗಳಲ್ಲಿ ಇದನ್ನು ಬಹಳ ಕಡೆ ಸಿಲಿಕಾನ್ ಕಾರ್ಬೈಡಿನಿಂದ ಮಾಡುತ್ತಾರೆ. ಹೊಗೆ ತೆಳು ಗೋಡೆಗಳ ಸಣ್ಣ ತೂತಿನ ಮೂಲಕ ಹಾದುಹೋಗುತ್ತದೆ, ಮಸಿ ಸಿಕ್ಕಿಬೀಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದರೆ, ಆ ಮಸಿಯನ್ನು ಸುಡುವ ಸಮಯ ಬಂತು ಎಂದರ್ಥ. ಆಗ ಒಳಗೆ 600 ಡಿಗ್ರಿ, ಕೆಲವೊಮ್ಮೆ ಇನ್ನೂ ಜಾಸ್ತಿ ಶಾಖ. ಸಿಲಿಕಾನ್ ಕಾರ್ಬೈಡ್ ಶಾಖವನ್ನು ಬೇಗ ಹರಡುವುದರಿಂದ ಒಂದೇ ಕಡೆ ಕಾದು ಕೆಡುವ ಅಪಾಯ ಕಡಿಮೆ. ಆದರೆ ಅಗ್ಗದ ಕಾರ್ಡಿಯರೈಟ್ ಸೆರಾಮಿಕ್‌ಗಿಂತ ಇದು ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಅದಕ್ಕೇ ಇಡೀ ಫಿಲ್ಟರನ್ನು ಒಂದೇ ತುಂಡಾಗಿ ಮಾಡದೆ, ಚೌಕದ ಕಡ್ಡಿಗಳನ್ನು ಅಂಟಿಸಿ ಮಾಡುತ್ತಾರೆ. ಬೆಲೆ ಏರಲು ಇದೂ ಒಂದು ಕಾರಣ.

ಇದರ ಎದುರು ತುದಿಯಲ್ಲಿ ಬಾಹ್ಯಾಕಾಶದ ಕನ್ನಡಿ ಇದೆ. 2009ರ ಮೇ 14ರಂದು ಯುರೋಪ್ ಹಾರಿಸಿದ ಹರ್ಷೆಲ್ ದೂರದರ್ಶಕದ ಮುಖ್ಯ ಕನ್ನಡಿ 3.5 ಮೀಟರ್ ಅಗಲ. ಅಷ್ಟು ದೊಡ್ಡದನ್ನು ಒಟ್ಟಿಗೆ ಸುಡಲು ಆಗದು. 12 ಸಿಂಟರ್ಡ್ ಸಿಲಿಕಾನ್ ಕಾರ್ಬೈಡ್ ಹೋಳುಗಳನ್ನು ಬೆಸೆದರು. ಕನ್ನಡಿ ಮತ್ತು ಅದರ ಹಂದರ ಸೇರಿ ತೂಕ ಸುಮಾರು 300 ಕಿಲೋ. ಹಬಲ್ ದೂರದರ್ಶಕದ 2.4 ಮೀಟರ್ ಗಾಜಿನ ಕನ್ನಡಿ 800 ಕಿಲೋ ದಾಟುತ್ತದೆ! ವಸ್ತು ಬಿರುಸಾಗಿರುವುದರಿಂದ ಗೋಡೆ ತೆಳ್ಳಗಿದ್ದರೂ ಬಾಗಲಿಲ್ಲ. ಬಿಸಿ-ತಂಪಿಗೆ ಹಿಗ್ಗಿ ಕುಗ್ಗುವುದು ಕಡಿಮೆ, ಅದೂ ಎಲ್ಲ ಕಡೆ ಒಂದೇ ಸಮ. ಹಾಗಾಗಿ ಕಡು ಚಳಿಯಲ್ಲೂ ಆಕಾರ ಕೆಡಲಿಲ್ಲ. ನಕ್ಷತ್ರಗಳ ನಕ್ಷೆ ಬರೆದ ಗಾಯಾ ನೌಕೆಯ ಹಂದರಕ್ಕೂ ಇದನ್ನೇ ಬಳಸಿದರು. ನಮ್ಮಲ್ಲಿ ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಕೇಂದ್ರ ಬಾಹ್ಯಾಕಾಶಕ್ಕೆ ಬೇಕಾದ ಇಂಥ ಹಗುರ ಕನ್ನಡಿಗಳ ಮೇಲೆ ಕೆಲಸ ಮಾಡಿದೆ. 2024ರಲ್ಲಿ ಇಸ್ರೊ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತಕ್ಕೆಂದು ಪರೀಕ್ಷಿಸಿದ ಕಾರ್ಬನ್ ನಳಿಕೆಯ ಮೇಲೂ ಸಿಲಿಕಾನ್ ಕಾರ್ಬೈಡ್ ಲೇಪನವಿತ್ತು. ಆ ಲೇಪನ ಇಲ್ಲದಿದ್ದರೆ ಕಾರ್ಬನ್ ಸುಟ್ಟುಹೋಗುತ್ತದೆ.

ಗುಂಡು ತಡೆಯುವ ಕವಚದ ಸುದ್ದಿಯಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಅಲ್ಲಿ ಸೆರಾಮಿಕ್ ಹಲಗೆ ಎಂದರೆ ಸಿಲಿಕಾನ್ ಕಾರ್ಬೈಡೇ ಆಗಿರಬೇಕಿಲ್ಲ. 2024ರಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿ ಪ್ರಕಟಿಸಿದ ಅಭೇದ್ ಜಾಕೆಟ್ಟಿನಲ್ಲಿರುವುದು ಬೋರಾನ್ ಕಾರ್ಬೈಡ್. ಅದು ಇನ್ನೂ ಹಗುರ, ಬೆಲೆಯೂ ಜಾಸ್ತಿ. ಮೈಮೇಲೆ ಹೊರುವವರಿಗೆ ತೂಕ ಮುಖ್ಯ, ಹಾಗಾಗಿ ಅದು ಸರಿ. ವಾಹನದ ಕವಚಕ್ಕೆ ಸಿಲಿಕಾನ್ ಕಾರ್ಬೈಡ್ ಹೆಚ್ಚು ಹೊಂದುತ್ತದೆ.

ವಿಮಾನದ ಎಂಜಿನ್ನಿನಲ್ಲಿ ಇನ್ನೊಂದು ಬಗೆ ಇದೆ. ಬರೀ ಸೆರಾಮಿಕ್ ಆದರೆ ಒಂದು ಬಿರುಕಿಗೆ ಪೂರ್ತಿ ಒಡೆಯುತ್ತದೆ. ಅದಕ್ಕೆ ಸಿಲಿಕಾನ್ ಕಾರ್ಬೈಡಿನದೇ ನೂಲು ಹಾಸಿ, ನಡುವೆ ಸಿಲಿಕಾನ್ ಕಾರ್ಬೈಡ್ ತುಂಬುತ್ತಾರೆ. ಬಿರುಕು ನೂಲಿಗೆ ಸಿಕ್ಕಿ ನಿಲ್ಲುತ್ತದೆ. ನಮ್ಮ ದೇಶದಲ್ಲೂ ಹಾರುತ್ತಿರುವ ಲೀಪ್ ಎಂಜಿನ್ನುಗಳಲ್ಲಿ 2016ರಿಂದ ಇಂಥ ಭಾಗ ಇದೆ. ಆ ನೂಲಿನ ತಂತ್ರ ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಿ, ಸೇಶಿ ಯಜಿಮಾ ಅವರ ಪ್ರಯೋಗಾಲಯದಲ್ಲಿ. ಈಗಲೂ ಒಳ್ಳೆಯ ನೂಲು ಮಾಡುವ ಕಂಪನಿಗಳು ಬೆರಳೆಣಿಕೆಯಷ್ಟು. ಬೆಂಗಳೂರಿನಲ್ಲಿ ಕೂತು ಯುದ್ಧವಿಮಾನದ ಎಂಜಿನ್ ಮಾಡುವ ಕನಸು ಕಾಣುತ್ತಿರುವ ನಮಗೆ ಇದು ಸಣ್ಣ ವಿಷಯವಲ್ಲ.

ವುಲ್ಫ್‌ಸ್ಪೀಡ್ ಎಡವಿದ್ದು ಎಲ್ಲಿ

ಮೊದಲನೆಯ ಗೊಂದಲಕ್ಕೆ ಈಗ ಬರೋಣ. ವುಲ್ಫ್‌ಸ್ಪೀಡ್ ಎಡವಿದ್ದು ವಸ್ತುವಿನ ದೋಷದಿಂದಲ್ಲ. ವಿದ್ಯುತ್ ಕಾರುಗಳು ಭರದಿಂದ ಮಾರಾಟವಾಗುತ್ತವೆ ಎಂದು ನಂಬಿ, ಭಾರೀ ಸಾಲ ಮಾಡಿ ದೊಡ್ಡ ಕಾರ್ಖಾನೆಗಳನ್ನು ಕಟ್ಟಿತು. ಬೇಡಿಕೆ ಅಂದುಕೊಂಡಷ್ಟು ವೇಗವಾಗಿ ಏರಲಿಲ್ಲ. 2023ರ ಮಾರ್ಚಿನಲ್ಲಿ ಟೆಸ್ಲಾ ತನ್ನ ಮುಂದಿನ ಪೀಳಿಗೆಯ ಕಾರಿನಲ್ಲಿ ಸಿಲಿಕಾನ್ ಕಾರ್ಬೈಡ್ ಬಳಕೆಯನ್ನು ಶೇ 75ರಷ್ಟು ಇಳಿಸುತ್ತೇವೆ ಎಂದಿತು. ಅದೇ ಹೊತ್ತಿಗೆ ಚೀನಾದ ಕಂಪನಿಗಳು ವೇಫರ್ ಬೆಲೆಯನ್ನು ಕೆಳಗೆ ತಳ್ಳಿದವು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಕೋರ್ಟಿನ ಒಪ್ಪಿಗೆಯೊಂದಿಗೆ ಸಾಲದ ಸುಮಾರು ಶೇ 70ರಷ್ಟನ್ನು ಕಳಚಿಕೊಂಡು, 2025ರ ಸೆಪ್ಟೆಂಬರ್ ಕೊನೆಯಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಯಿಂದ ಹೊರಬಂತು. ಬಾಗಿಲು ಮುಚ್ಚಲಿಲ್ಲ.

ಇದರಿಂದ ಒಡಿಶಾಕ್ಕೆ ಏನು ಪರಿಣಾಮ? ಎರಡೂ ಕಡೆ ಇದೆ. ಕೊಂಡು ತರುವ ವೇಫರ್ ಅಗ್ಗವಾದರೆ ಚಿಪ್ ಮಾಡುವವರಿಗೆ ಒಳ್ಳೆಯದು. ಆದರೆ ಮಾರುವ ಚಿಪ್ಪಿನ ಬೆಲೆಯೂ ಇಳಿದಿರುತ್ತದೆ. ವೇಫರನ್ನೇ ಇಲ್ಲಿ ಬೆಳೆಸಲು ಹೊರಟರೆ ಚೀನಾದ ಬೆಲೆಯ ಜೊತೆ ನೇರ ಪೈಪೋಟಿ. ಡಿಆರ್‌ಡಿಒದ ದೆಹಲಿ ಪ್ರಯೋಗಾಲಯ 4 ಇಂಚಿನ ಹರಳು ಬೆಳೆಸುವುದನ್ನು ಸಾಧಿಸಿದೆ. ರಕ್ಷಣಾ ಅಗತ್ಯಕ್ಕೆ ಅದು ದೊಡ್ಡ ಹೆಜ್ಜೆ. ವಾಣಿಜ್ಯ ಜಗತ್ತು ಮಾತ್ರ 6 ಇಂಚಿನಿಂದ 8 ಇಂಚಿಗೆ ಸಾಗುತ್ತಿದೆ.

ಮೊದಲು ಚಿಪ್ಪೋ, ಮೊದಲು ಪುಡಿಯೋ

ಈಗ ನಡೆಯುತ್ತಿರುವ ಚರ್ಚೆಯಲ್ಲಿ ಒಂದು ವಾದ ಹೀಗಿದೆ: ಮೊದಲು ಚಿಪ್ ಕಾರ್ಖಾನೆ ಬರಲಿ. ಗಿರಾಕಿ ಇದ್ದರೆ ಪುಡಿ, ಭಾಗಗಳು ಮಾಡುವವರು ತಾವಾಗಿ ಹುಟ್ಟಿಕೊಳ್ಳುತ್ತಾರೆ. ರೈಲು, ಸೋಲಾರ್ ಇನ್ವರ್ಟರ್, ಚಾರ್ಜರ್, ಕ್ಷಿಪಣಿ, ಎಲ್ಲಕ್ಕೂ ಚಿಪ್ ಬೇಕು, ತಡ ಮಾಡುವಂತಿಲ್ಲ. ಇದರಲ್ಲಿ ತಥ್ಯವಿದೆ. ದೊಡ್ಡ ಖರೀದಿದಾರ ಇಲ್ಲದೆ ಯಾರೂ 2100 ಡಿಗ್ರಿಯ ಕುಲುಮೆಗೆ ಹಣ ಹಾಕುವುದಿಲ್ಲ.

ಇನ್ನೊಂದು ವಾದ ಪೂರ್ತಿ ವಿರುದ್ಧ ದಿಕ್ಕಿನದು. ಪುಡಿ, ಸೆರಾಮಿಕ್ ಭಾಗಗಳನ್ನು ಚೀನಾ, ಜಪಾನ್, ಜರ್ಮನಿಯಿಂದ ತರಿಸಿಕೊಂಡರೆ ಸಾಕು, ಅಗ್ಗವಾಗಿ ಸಿಗುವಾಗ ಇಲ್ಲಿ ಹೊಗೆ ಎಬ್ಬಿಸುವುದೇಕೆ ಎನ್ನುತ್ತದೆ. ಒರಟು ಪುಡಿಯ ಮಟ್ಟಿಗೆ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಪರಿಸರದ ಲೆಕ್ಕದ ಜೊತೆ ಕಾರ್ಮಿಕರ ಆರೋಗ್ಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಚೆಸನ್ ವಿಧಾನದ ಕೆಲಸದ ವಾತಾವರಣವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದೇ ವರ್ಗೀಕರಿಸಿದೆ. ಕುಲುಮೆ ಬಿಚ್ಚುವಾಗ ಏಳುವ ದೂಳಿನಲ್ಲಿ ಸೂಕ್ಷ್ಮ ನಾರುಗಳಿರುತ್ತವೆ. ಸಿದ್ಧವಾದ ಉಂಗುರ, ಕನ್ನಡಿಗಳಿಂದ ಈ ಅಪಾಯವಿಲ್ಲ. ಅಪಾಯ ಇರುವುದು ಅಲ್ಲಿ ದುಡಿಯುವವರಿಗೆ. ಇಲ್ಲಿ ಉತ್ಪಾದನೆ ಹೆಚ್ಚಿಸುವುದಾದರೆ ದೂಳು ಹಿಡಿಯುವ ವ್ಯವಸ್ಥೆ ಮೊದಲ ದಿನದಿಂದಲೇ ಇರಬೇಕು. ಆಮೇಲೆ ನೋಡೋಣ ಎನ್ನುವ ವಿಷಯವಲ್ಲ.

ಆದರೆ ಎರಡೂ ವಾದಗಳು ನಡುವಿನ ಹಂತವನ್ನು ಬಿಟ್ಟುಬಿಡುತ್ತವೆ. ಸಿಲಿಕಾನ್ ಕಾರ್ಬೈಡ್ ಚಿಪ್ ಮಾಡುವಾಗ ವೇಫರನ್ನು 1600 ಡಿಗ್ರಿಗಿಂತ ಮೇಲೆ ಕಾಯಿಸುವ ಒಂದು ಹಂತ ಇದೆ. ಸಾಮಾನ್ಯ ಸಿಲಿಕಾನ್ ಚಿಪ್ ಕಾರ್ಖಾನೆಯ ಕ್ವಾರ್ಟ್ಜ್ ಪಾತ್ರೆಗಳು 1200 ಡಿಗ್ರಿಗೇ ಮೆತ್ತಗಾಗತೊಡಗುತ್ತವೆ. ಹಾಗಾಗಿ ವೇಫರ್ ಹೊರುವ ತಟ್ಟೆ, ಸ್ಟ್ಯಾಂಡ್, ಕುಲುಮೆಯ ಒಳಭಾಗಗಳು ಸಿಲಿಕಾನ್ ಕಾರ್ಬೈಡಿನವೇ ಆಗಿರಬೇಕು, ಇಲ್ಲವೇ ಅದರ ಲೇಪನ ಇರುವ ಗ್ರಾಫೈಟ್ ಆಗಿರಬೇಕು. ಅದರಲ್ಲಿ ಕಬ್ಬಿಣದಂಥ ಲೋಹದ ಕಲ್ಮಶ ಹತ್ತು ಲಕ್ಷದಲ್ಲಿ ಕೆಲವೇ ಭಾಗ ಇದ್ದರೂ ಚಿಪ್ ಕೆಡುತ್ತದೆ. ಇವು ಸವೆಯುವ ಭಾಗಗಳು, ಮತ್ತೆ ಮತ್ತೆ ಕೊಳ್ಳಲೇಬೇಕು. ಇವನ್ನೆಲ್ಲ ಹೊರಗಿನಿಂದ ತರುತ್ತಿದ್ದರೆ ಕಾರ್ಖಾನೆ ನಮ್ಮ ನೆಲದಲ್ಲಿದ್ದರೂ ಅದರ ಓಟ ಇನ್ನೊಬ್ಬರ ರಫ್ತು ಪರವಾನಗಿಯ ಮೇಲೆ ನಿಂತಿರುತ್ತದೆ. ಯಿಟ್ರಿಯಂನಲ್ಲಿ ಆಗಿದ್ದು ಇಲ್ಲೂ ಆಗಬಹುದು.

ಒರಟು ಪುಡಿಯಲ್ಲಿ ಲಾಭ ಕಡಿಮೆ, ಹೊಗೆ ಜಾಸ್ತಿ. ಹರಳು ಬೆಳೆಸುವುದರಲ್ಲಿ ಪೈಪೋಟಿ ವಿಪರೀತ. ಇವೆರಡರ ನಡುವೆ ಶುದ್ಧ ಪುಡಿ ಮತ್ತು ಸಿಂಟರ್ಡ್ ಭಾಗಗಳ ಜಾಗವಿದೆ. ಅದಕ್ಕೆ ಬೇಕಾದ ಬಂಡವಾಳ ಚಿಪ್ ಕಾರ್ಖಾನೆಗೆ ಹೋಲಿಸಿದರೆ ತೀರಾ ಸಣ್ಣದು. ಚಿಪ್ ಮಾರುಕಟ್ಟೆ ಕುಸಿದರೂ ಪಂಪು, ಫಿಲ್ಟರ್, ಕುಲುಮೆ, ರಕ್ಷಣಾ ಗಿರಾಕಿಗಳು ಉಳಿಯುತ್ತಾರೆ. ವುಲ್ಫ್‌ಸ್ಪೀಡಿಗೆ ಹೀಗೆ ಬೇರೆ ಬೇರೆ ಗಿರಾಕಿಗಳ ಆಸರೆ ಇರಲಿಲ್ಲ. ನಮ್ಮಲ್ಲಿ ಈ ಕೆಲಸದ ಅಡಿಪಾಯವೂ ಸ್ವಲ್ಪ ಇದೆ. ಕಾರ್ಬೊರಂಡಮ್ ಯುನಿವರ್ಸಲ್, ಗ್ರೈಂಡ್‌ವೆಲ್ ನಾರ್ಟನ್‌ನಂಥ ಕಂಪನಿಗಳು ದಶಕಗಳಿಂದ ಈ ವಸ್ತುವಿನ ಜೊತೆ ಕೆಲಸ ಮಾಡುತ್ತಿವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ, ಹೈದರಾಬಾದಿನ ಪ್ರಯೋಗಾಲಯಗಳಲ್ಲಿ ಸೆರಾಮಿಕ್ ಬಲ್ಲವರಿದ್ದಾರೆ.

ಅಡ್ಡಿ ಇರುವುದು ನಂಬಿಕೆಯಲ್ಲಿ

ಪ್ರಯೋಗಾಲಯದಲ್ಲಿ ಒಳ್ಳೆಯ ಉಂಗುರ ಮಾಡಿದ ಮಾತ್ರಕ್ಕೆ ಅದು ಮಾರಾಟವಾಗುವುದಿಲ್ಲ. ಮಂಗಳೂರಿನಂಥ ರಿಫೈನರಿಯ ಪಂಪಿನಲ್ಲಿ ಸೀಲ್ ಒಡೆದರೆ ಬಿಸಿ ಎಣ್ಣೆ ಹೊರಚಿಮ್ಮುತ್ತದೆ, ಬೆಂಕಿ ಹೊತ್ತಿಕೊಳ್ಳಬಹುದು. ಸೆರಾಮಿಕ್ ಒಡೆಯುವ ಮೊದಲು ಲೋಹದ ಹಾಗೆ ಬಾಗಿ ಸೂಚನೆ ಕೊಡುವುದಿಲ್ಲ. ಒಳಗೆಲ್ಲೋ ಉಳಿದ ಒಂದು ಸಣ್ಣ ತೂತಿನಿಂದ ಬಿರುಕು ಶುರುವಾಗಿ ಕ್ಷಣದಲ್ಲಿ ಸೀಳುತ್ತದೆ. ನೂರು ಉಂಗುರ ಚೆನ್ನಾಗಿದ್ದು ನೂರೊಂದನೆಯದು ಒಡೆದರೂ ನಷ್ಟ ನಷ್ಟವೇ. ಹಾಗಾಗಿ ಖರೀದಿಸುವ ಎಂಜಿನಿಯರುಗಳು ಹಳೆಯ ವಿದೇಶಿ ಹೆಸರನ್ನೇ ನೆಚ್ಚುತ್ತಾರೆ. ಅವರನ್ನು ದೂರುವಂತಿಲ್ಲ. ಸರಾಸರಿ ಬಲ ಎಷ್ಟು ಎನ್ನುವುದಕ್ಕಿಂತ, ತೀರಾ ದುರ್ಬಲ ತುಂಡು ಎಷ್ಟು ತಡೆಯುತ್ತದೆ ಎಂಬ ದಾಖಲೆ ಅವರಿಗೆ ಬೇಕು. ಆ ದಾಖಲೆ ಸಾವಿರಾರು ತುಂಡುಗಳನ್ನು ಸುಟ್ಟು, ಒಡೆದು, ವರ್ಷಗಟ್ಟಲೆ ಓಡಿಸಿ ನೋಡಿದ ಮೇಲೆ ಮಾತ್ರ ಹುಟ್ಟುತ್ತದೆ.

ಇಲ್ಲಿ ಸರ್ಕಾರ ಮಾಡಬಹುದಾದ ಕೆಲಸ ದೊಡ್ಡ ಸಹಾಯಧನಕ್ಕಿಂತ ಬೇರೆಯದು. ಸಾರ್ವಜನಿಕ ವಲಯದ ರಿಫೈನರಿ, ರಸಗೊಬ್ಬರ ಕಾರ್ಖಾನೆ, ವಿದ್ಯುತ್ ಸ್ಥಾವರಗಳಲ್ಲಿ ಸಾವಿರಾರು ಪಂಪುಗಳಿವೆ. ಅವುಗಳಲ್ಲಿ ಅಪಾಯ ಕಡಿಮೆ ಇರುವ, ನೀರು ಸಾಗಿಸುವ ಕೆಲವನ್ನು ದೇಶೀ ಸಿಂಟರ್ಡ್ ಉಂಗುರಗಳ ಪರೀಕ್ಷೆಗೆ ಬಿಟ್ಟುಕೊಟ್ಟರೆ, ಎರಡು-ಮೂರು ವರ್ಷದಲ್ಲಿ ಓಡಿದ ಗಂಟೆಗಳ ಲೆಕ್ಕ ಸಿಗುತ್ತದೆ. ಒಡೆದ ತುಂಡುಗಳನ್ನು ಬಿಸಾಡದೆ ತಯಾರಕರಿಗೆ ಮರಳಿಸಿದರೆ, ಬಿರುಕು ಶುರುವಾದ ತೂತು ಪುಡಿಯಿಂದ ಬಂತೋ, ಅಚ್ಚಿನಿಂದ ಬಂತೋ, ಕುಲುಮೆಯಿಂದ ಬಂತೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬಹುದು. ಭುವನೇಶ್ವರದ ಕಾರ್ಖಾನೆ ಪೂರ್ತಿ ಓಡತೊಡಗುವ ಹೊತ್ತಿಗೆ ಅದರ ತಟ್ಟೆ, ಸ್ಟ್ಯಾಂಡುಗಳನ್ನು ಇಲ್ಲೇ ಕೊಳ್ಳಬೇಕು ಎಂದಾದರೆ ಈ ಪರೀಕ್ಷೆಗಳು ಈಗಲೇ ಶುರುವಾಗಬೇಕು.